ಕೇಸು ಮೇಲಿನ ಕೋರ್ಟಿಗೆ ಹೋದರೆ ಜಾಮೀನು ಎಲ್ಲಿಗೆ ಹೋಗುತ್ತದೆ? ಮುಖ್ಯ ನ್ಯಾಯಮೂರ್ತಿಗಳಿಗೆ ಒಬ್ಬ ಜಾಮೀನುದಾರನ ಪತ್ರ

ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ,
ಕರ್ನಾಟಕ ಹೈಕೋರ್ಟ್, ಬೆಂಗಳೂರು.

ನಮಸ್ಕಾರ.

ನಾನು ವಕೀಲನಲ್ಲ. ಕೇಸಿನಲ್ಲಿ ಆರೋಪಿಯೂ ಅಲ್ಲ, ದೂರು ಕೊಟ್ಟವನೂ ಅಲ್ಲ. ನಾನು ಜಾಮೀನುದಾರ. ತಮ್ಮ ಕೋರ್ಟುಗಳಲ್ಲಿ ದಿನಾ ಒಂದಷ್ಟು ಜನ ಪಹಣಿ, ಆಧಾರ್ ಜೆರಾಕ್ಸ್, ಎರಡು ಫೋಟೋ ಹಿಡಿದುಕೊಂಡು ಗೋಡೆ ಪಕ್ಕ ನಿಂತಿರುತ್ತಾರಲ್ಲ, ಹೆಸರು ಕೂಗಿದ ತಕ್ಷಣ ಗಡಿಬಿಡಿಯಲ್ಲಿ ಟವೆಲ್ ಹೆಗಲಿಂದ ತೆಗೆದು ಒಳಗೆ ಬರುತ್ತಾರಲ್ಲ, ಅವರಲ್ಲಿ ಒಬ್ಬ. ಊರು, ತಾಲೂಕು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಕೆಟ್ಟವರಲ್ಲ, ಅವರ ಮೇಲೆ ದೂರು ಹೇಳಲು ನಾನು ಕೂತಿಲ್ಲ.

ಕೇಳುವುದು ಒಂದೇ ಪ್ರಶ್ನೆ. ಕೇಸು ಕೆಳಗಿನ ಕೋರ್ಟಿನಿಂದ ಮೇಲಿನ ಕೋರ್ಟಿಗೆ ಹೋದಾಗ ಮೊದಲು ಕೊಟ್ಟ ಜಾಮೀನು ಉಳಿಯುತ್ತದೋ ಇಲ್ಲವೋ? ಐದು ವರ್ಷದಲ್ಲಿ ಇದಕ್ಕೆ ನಾನು ನಾಲ್ಕು ಉತ್ತರ ಕೇಳಿದ್ದೇನೆ. ಪೊಲೀಸರದ್ದು ಒಂದು, ಕೋರ್ಟಿನ ಗುಮಾಸ್ತರದ್ದು ಒಂದು, ನಮ್ಮ ವಕೀಲರದ್ದು ಒಂದು, ಕೋರ್ಟಿನ ಎದುರಿನ ಟೀ ಅಂಗಡಿಯವರದ್ದು ಒಂದು. ಆಮೇಲೆ ಗೊತ್ತಾಯಿತು, ಟೀ ಅಂಗಡಿಯವರು ಹೇಳಿದ್ದೇ ಸರಿ.

ನಡೆದದ್ದು ಹೇಳುತ್ತೇನೆ. 2019ರ ಫೆಬ್ರವರಿ. ನನ್ನ ತಮ್ಮನಿಗೂ ಪಕ್ಕದ ತೋಟದವರಿಗೂ ಬದುವಿನ ಜಗಳ. ಬದು ಅಂದರೆ ಎಷ್ಟು, ಒಂದೂವರೆ ಅಡಿ ಅಗಲ, ಅದರ ಮೇಲೆ ಮೂರು ತೆಂಗಿನ ಮರ. ಮಾತಿಗೆ ಮಾತು ಬೆಳೆಯಿತು, ಗುದ್ದಲಿ ಕಾವು ಮೇಲೆದ್ದಿತು. ಯಾರು ಮೊದಲು ಎತ್ತಿದರು ಅನ್ನುವುದಕ್ಕೆ ಊರಲ್ಲಿ ಇವತ್ತಿಗೂ ಎರಡು ಕಥೆ ಇದೆ. ಪಕ್ಕದವರ ತಲೆಗೆ ಪೆಟ್ಟಾಗಿ ಏಳು ಹೊಲಿಗೆ ಬಿತ್ತು. ಈಗ ಅವರೂ ನಾವೂ ಹಬ್ಬಕ್ಕೆ ಮಾತಾಡಿಸಿಕೊಳ್ಳುತ್ತೇವೆ, ಅದು ಬೇರೆ ವಿಷಯ. ತಲೆಗೆ ಪೆಟ್ಟು ಅಂದ ಮೇಲೆ ಆಗಿನ ದಂಡ ಸಂಹಿತೆಯ, ಅಂದರೆ ಐಪಿಸಿಯ, 307ನೇ ಸೆಕ್ಷನ್ ಹಾಕಿದರು. ಕೊಲೆ ಯತ್ನ.

307 ಸೆಷನ್ಸ್ ಕೋರ್ಟೇ ವಿಚಾರಣೆ ಮಾಡಬೇಕಾದ ಕೇಸು. ಆದರೆ ಚಾರ್ಜ್‌ಶೀಟು ಮೊದಲು ಬರುವುದು ತಾಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಅಲ್ಲಿ ಆರೋಪಿಗೆ ಕಾಗದಪತ್ರದ ನಕಲು ಕೊಟ್ಟು, ಕೇಸನ್ನು ಮೇಲಕ್ಕೆ ಕಳಿಸುತ್ತಾರೆ. ಅದಕ್ಕೆ ಕಮಿಟ್ ಮಾಡುವುದು ಅನ್ನುತ್ತಾರೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ.

ತಾಲೂಕು ಕೋರ್ಟಿನಲ್ಲಿ ತಮ್ಮನಿಗೆ ಜಾಮೀನು ಸಿಗಲಿಲ್ಲ. ಜಿಲ್ಲೆಯ ಸೆಷನ್ಸ್ ಕೋರ್ಟಿಗೆ ಅರ್ಜಿ ಹಾಕಿದೆವು, ಅಲ್ಲಿ ಸಿಕ್ಕಿತು. ಅಷ್ಟರಲ್ಲಿ ಅವನು ಜೈಲಲ್ಲಿ 41 ದಿನ ಕಳೆದಿದ್ದ. 50,000 ರೂಪಾಯಿ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವವನು. ಆದೇಶ ಜಿಲ್ಲೆಯದ್ದು, ಬಾಂಡು ಬರೆದುಕೊಟ್ಟಿದ್ದು ತಾಲೂಕು ಕೋರ್ಟಿನಲ್ಲಿ. ಹೀಗೇ ನಡೆಯುವುದಂತೆ. ನನ್ನ ಹೆಸರಿಗೆ ಎರಡು ಎಕರೆ ಹತ್ತು ಗುಂಟೆ ಇದೆ. ಪಹಣಿ ತೆಗೆಸಿದೆ, ಬೆಲೆ ತೋರಿಸುವ ಕಾಗದ ತಂದೆ, ಕಟಕಟೆ ಹತ್ತಿದೆ. ಆರೋಪಿ ನಿಮಗೆ ಏನಾಗಬೇಕು, ಜಮೀನು ಎಷ್ಟು, ಬೆಲೆ ಎಷ್ಟು, ಹಿಂದೆ ಯಾರಿಗಾದರೂ ಜಾಮೀನು ನಿಂತಿದ್ದೀರಾ, ಅವನು ಬರದಿದ್ದರೆ 50,000 ಕಟ್ಟಬೇಕು ಗೊತ್ತಾ. ಗೊತ್ತು ಸ್ವಾಮಿ ಅಂದೆ, ಹೆಬ್ಬೆಟ್ಟಲ್ಲ, ಸಹಿಯೇ ಹಾಕಿದೆ. ಏನು ಬರೆದಿತ್ತು ಅಂತ ಓದಲಿಲ್ಲ. ಯಾರೂ ಓದಿ ಹೇಳಲೂ ಇಲ್ಲ. ನನ್ನ ಪಹಣಿಯ 11ನೇ ಕಾಲಂನಲ್ಲಿ, ಋಣ ಅಂತ ಇರುತ್ತದಲ್ಲ ಅಲ್ಲಿ, ಈ ಜಾಮೀನು ಹೋಗಿ ಕೂತಿತು.

ಚಾರ್ಜ್‌ಶೀಟ್ ಬಂತು. ನಕಲು ಕೊಟ್ಟರು. ಸೆಪ್ಟೆಂಬರಿನಲ್ಲಿ ಒಂದು ದಿನ ತಮ್ಮ ವಾಯಿದೆಗೆ ಹೋಗಿ ಬಂದವನು ಜಗಲಿ ಮೇಲೆ ಕೂತು, "ಕೇಸು ಮುಗೀತು ಅನ್ಸುತ್ತೆ ಅಣ್ಣ, ಇನ್ನು ಈ ಕೋರ್ಟಿಗೆ ಬರಬೇಡ ಅಂದ್ರು" ಅಂದ. ಆವತ್ತು ನಮ್ಮ ವಕೀಲರು ಬಂದಿರಲಿಲ್ಲ, ಜೂನಿಯರ್ ನಿಂತಿದ್ದರು. ನಾವು ಮನೆದೇವರಿಗೆ ಕಾಯಿ ಒಡೆಸಿದೆವು.

ಡಿಸೆಂಬರಿನಲ್ಲಿ ವಾರಂಟ್ ಬಂತು. ಜಾಮೀನುರಹಿತ. ಜೊತೆಗೆ ನನಗೊಂದು ನೋಟಿಸು, ನಿಮ್ಮಿಂದ 50,000 ಯಾಕೆ ವಸೂಲಿ ಮಾಡಬಾರದು ಅಂತ. ಪೊಲೀಸಿನವರನ್ನು ಕೇಳಿದೆ, ಇವನಿಗೆ ಜಾಮೀನು ಇದೆಯಲ್ಲ ಸಾರ್. "ಕೇಸು ಸೆಷನ್ಸಿಗೆ ಹೋಯ್ತಲ್ಲ, ಅಲ್ಲಿಗೆ ಹಳೇ ಜಾಮೀನು ಕ್ಯಾನ್ಸಲ್ಲು" ಅಂದರು. ಇದು ಮೊದಲನೇ ಉತ್ತರ.

ನಾವೇ ಅವನನ್ನು ಕರೆದುಕೊಂಡು ಜಿಲ್ಲಾ ಕೋರ್ಟಿಗೆ ಹೋದೆವು. ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಕೂತೆವು. ವಾರಂಟ್ ವಾಪಸ್ ತೆಗೆದುಕೊಂಡರು, 500 ರೂಪಾಯಿ ದಂಡ ಹಾಕಿದರು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊಸದಾಗಿ ಬಾಂಡು ಕೊಡಿ, ಹೊಸದಾಗಿ ಶ್ಯೂರಿಟಿ ಕೊಡಿ ಅಂದರು. ನಾನೇ ಇದ್ದೇನಲ್ಲ, ಕೊಟ್ಟಿದ್ದೇನಲ್ಲ ಅಂದೆ. "ಅದು ಕೆಳಗಿನ ಕೋರ್ಟಿಂದು ಯಜಮಾನ್ರೇ, ಇಲ್ಲಿಗೆ ಬೇರೆ ಬೇಕು" ಅಂದರು ಗುಮಾಸ್ತರು. ಎರಡನೇ ಉತ್ತರ. ಸರಿ, ಮತ್ತೆ ನಾನೇ ನಿಲ್ಲುತ್ತೇನೆ ಅಂತ ಪಹಣಿ ಕೊಟ್ಟೆ. ಅವರು 11ನೇ ಕಾಲಂ ನೋಡಿದರು. "ಈ ಜಮೀನಿನ ಮೇಲೆ ಆಗಲೇ ಯಾವುದೋ ಜಾಮೀನು ಇದೆಯಲ್ರೀ, ಇದು ಬರಲ್ಲ."

ಯಾವುದೋ ಜಾಮೀನಲ್ಲ ಸ್ವಾಮಿ. ಇದೇ ಕೇಸಿನ ಜಾಮೀನು. ಇದೇ ತಮ್ಮನಿಗೆ, ಇದೇ ಜಗಳಕ್ಕೆ, ಇದೇ ಸೆಷನ್ಸ್ ಕೋರ್ಟು ಕೊಡಿ ಅಂತ ಹೇಳಿದ್ದಕ್ಕೆ ಕೊಟ್ಟ ಜಾಮೀನು. ಕೇಸಿಗೆ ನಂಬರು ಮಾತ್ರ ಬದಲಾಗಿತ್ತು. ಠಾಣೆಯಲ್ಲಿ ಕ್ರೈಂ ನಂಬರು, ತಾಲೂಕಿನಲ್ಲಿ ಸಿ.ಸಿ. ನಂಬರು, ಜಿಲ್ಲೆಯಲ್ಲಿ ಎಸ್.ಸಿ. ನಂಬರು. ಪಹಣಿಯಲ್ಲಿ ಇದ್ದದ್ದು ಹಳೇ ನಂಬರು, ಅದು ಇವರ ಕಡತದ ನಂಬರಿಗೆ ಹೊಂದಲಿಲ್ಲ. ನಮ್ಮ ಸೋದರಮಾವನ ಮಗನನ್ನು ಹುಡುಕಿ, ಅವನ ಪಹಣಿ ತೆಗೆಸಿ, ಬೆಲೆ ಕಾಗದ ಮಾಡಿಸಿ ತರುವಷ್ಟರಲ್ಲಿ ಮೂರು ದಿನ. ಆ ಮೂರು ದಿನ ತಮ್ಮ ಒಳಗಿದ್ದ. ಜಾಮೀನು ಯಾರೂ ರದ್ದು ಮಾಡಿರಲಿಲ್ಲ. ರದ್ದು ಮಾಡಿ ಅಂತ ಯಾರೂ ಕೇಳಿಯೂ ಇರಲಿಲ್ಲ.

ನಮ್ಮ ವಕೀಲರ ಉತ್ತರ ಮೂರನೆಯದು: "ಅದೆಲ್ಲ ಪ್ರೊಸೀಜರ್, ನೀವು ತಲೆ ಕೆಡಿಸ್ಕೋಬೇಡಿ."

ಆ ಮೂರು ದಿನದಲ್ಲೇ ಟೀ ಅಂಗಡಿಯವರು ಹೇಳಿದ್ದು. ಕೋರ್ಟಿನ ಎದುರು ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದಾರೆ. ನನ್ನ ಕಥೆ ಪೂರ್ತಿ ಕೇಳಿ, ಲೋಟ ತೊಳೆಯುತ್ತಾ, "ಜಾಮೀನು ಎಲ್ಲೂ ಹೋಗಿಲ್ಲ ಗೌಡ್ರೇ, ಹೋಗಿರೋದು ಬಾಂಡು" ಅಂದರು.

ಇದು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು. ಯಾಕೆಂದರೆ ನಮ್ಮ ಭಾಷೆಯಲ್ಲಿ ಮೂರಕ್ಕೂ ಒಂದೇ ಮಾತು. ಕೋರ್ಟು ಕೊಟ್ಟರೂ ಜಾಮೀನು ಸಿಕ್ಕಿತು ಅನ್ನುತ್ತೇವೆ, ನಾನು ಹೊಣೆ ಹೊತ್ತರೂ ಜಾಮೀನು ನಿಂತೆ ಅನ್ನುತ್ತೇವೆ, ಬರೆದುಕೊಟ್ಟ ಕಾಗದಕ್ಕೂ ಜಾಮೀನು ಕೊಟ್ಟೆ ಅನ್ನುತ್ತೇವೆ. ಕೋರ್ಟು ಕೊಡುವ ಬಿಡುಗಡೆ ಬೇರೆ, ಬರುತ್ತೇನೆ ಅಂತ ಆರೋಪಿ ಬರೆದುಕೊಡುವ ಮುಚ್ಚಳಿಕೆ ಬೇರೆ, ಅವನು ಬರದಿದ್ದರೆ ನಾನು ಹೊಣೆ ಅನ್ನುವ ಶ್ಯೂರಿಟಿ ಬೇರೆ. ಇಂಗ್ಲಿಷ್ ಓದಿದವರಿಗೆ ಮೂರು ಹೆಸರಿದೆ, ಹಾಗಾಗಿ ಗೊಂದಲ ಕಮ್ಮಿ ಇರಬಹುದು. ನಮಗೆ ಒಂದು ಹೋದರೆ ಮೂರೂ ಹೋಯಿತು ಅನ್ನಿಸುತ್ತದೆ. ಇನ್ನು ಜಮೀನಿಗೂ ಜಾಮೀನಿಗೂ ಇರುವ ವ್ಯತ್ಯಾಸ ಒಂದು ದೀರ್ಘ ಮಾತ್ರ. ಜಮೀನು ಇಲ್ಲದವನಿಗೆ ಜಾಮೀನೂ ಇಲ್ಲ, ಅದು ಬಿಡಿ, ಇನ್ನೊಂದು ಪತ್ರಕ್ಕಾಗುವಷ್ಟಿದೆ.

ಈಗ ಕಾನೂನು. ನನಗೆ ಇದನ್ನು ಬಿಡಿಸಿ ಹೇಳಿದ್ದು ನಮ್ಮೂರಿನ ಒಬ್ಬ ಹುಡುಗಿ, ಈಗಷ್ಟೇ ಸನ್ನದು ತೆಗೆದುಕೊಂಡ ಲಾಯರ್. ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ 1974ರಿಂದ ಜಾರಿಯಲ್ಲಿದ್ದ ಸಿಆರ್‌ಪಿಸಿ, ಅದರ 209ನೇ ಸೆಕ್ಷನ್ನಿನಲ್ಲಿ ಕಮಿಟ್ ಮಾಡುವಾಗ ಆರೋಪಿಯನ್ನು ಕಸ್ಟಡಿಗೆ ಕಳಿಸಬೇಕು ಅಂತ ಇದೆ. ಇಷ್ಟನ್ನೇ ಓದಿದವರು ಜಾಮೀನು ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಅದೇ ಸಾಲಿನಲ್ಲಿ, ಜಾಮೀನಿನ ಬಗ್ಗೆ ಈ ಕಾಯ್ದೆಯಲ್ಲಿ ಏನಿದೆಯೋ ಅದಕ್ಕೆ ಒಳಪಟ್ಟು ಅಂತಲೂ ಇದೆ. ಅಂದರೆ ಜಾಮೀನಿನ ಮೇಲೆ ಹೊರಗಿರುವವನು ಹೊರಗೇ ಇರುತ್ತಾನೆ. ಅವನನ್ನು ಒಳಗೆ ಹಾಕಬೇಕಾದರೆ ಜಾಮೀನು ರದ್ದಾಗಬೇಕು. ರದ್ದು ಮಾಡಲು ಬೇರೆ ಸೆಕ್ಷನ್ ಇದೆ, ಸಾಕ್ಷಿಗಳನ್ನು ಹೆದರಿಸಿದ, ಓಡಿ ಹೋದ, ಹೀಗೆ ಒಂದು ಕಾರಣ ಬೇಕು. ಕೇಸು ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಯಿತು ಅನ್ನುವುದು ಕಾರಣವಲ್ಲ.

ಹಾಗಾದರೆ ಬಾಂಡು? ಇಲ್ಲೇ ಇರುವುದು ಗುಟ್ಟು. 441ನೇ ಸೆಕ್ಷನ್ನಿನ 3ನೇ ಉಪವಿಭಾಗ. ಕೇಸಿಗೆ ಬೇಕಾದಲ್ಲಿ, ಆರೋಪಿ ಹೈಕೋರ್ಟು, ಸೆಷನ್ಸ್ ಕೋರ್ಟು ಅಥವಾ ಬೇರೆ ಕೋರ್ಟು ಕರೆದಾಗ ಅಲ್ಲಿಗೂ ಹಾಜರಾಗುತ್ತೇನೆ ಅಂತ ಅದೇ ಬಾಂಡಿನಲ್ಲಿ ಬರೆದುಕೊಡಬೇಕು ಅನ್ನುತ್ತದೆ. ಅದೇ ಬಾಂಡಿನಲ್ಲಿ. 2024ರ ಜುಲೈ 1ರಿಂದ ಬಂದಿರುವ ಹೊಸ ಕಾಯ್ದೆಯಲ್ಲೂ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂತಾರಲ್ಲ ಅದರಲ್ಲೂ, 485ನೇ ಸೆಕ್ಷನ್ನಿನಲ್ಲಿ ಇದು ಹಾಗೇ ಇದೆ. 307 ಕೇಸು ಸೆಷನ್ಸಿಗೇ ಹೋಗಬೇಕು ಅನ್ನುವುದು ಎಫ್‌ಐಆರ್ ಬರೆದ ದಿನವೇ ಎಲ್ಲರಿಗೂ ಗೊತ್ತು. ನಮಗೊಬ್ಬರಿಗೆ ಬಿಟ್ಟು. ಹಾಗಿದ್ದ ಮೇಲೆ ಮೊದಲ ಬಾಂಡಿನಲ್ಲೇ ಆ ಒಂದು ಸಾಲು ಬರೆಸಿಕೊಂಡಿದ್ದರೆ ಆಗುತ್ತಿತ್ತಲ್ಲವೇ? ನನ್ನ ಬಾಂಡಿನ ನಕಲು ಆಮೇಲೆ ತೆಗೆಸಿ ನೋಡಿದೆ. ಕೋರ್ಟಿನ ಹೆಸರು ಬರೆಯುವ ಖಾಲಿ ಜಾಗದಲ್ಲಿ ತಾಲೂಕು ಕೋರ್ಟಿನ ರಬ್ಬರ್ ಸ್ಟಾಂಪ್ ಇದೆ. ಅಷ್ಟೇ.

ಇದನ್ನು ನಾನು ಹೊಸದಾಗಿ ಕಂಡುಹಿಡಿದಿಲ್ಲ. 1982ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಜಮ್‌ಶೆಡ್‌ಪುರದ ಉಚಿತ ಕಾನೂನು ನೆರವು ಸಮಿತಿ ಬಿಹಾರ ಸರ್ಕಾರದ ವಿರುದ್ಧ ಹೋಗಿದ್ದ ಕೇಸು. ಮ್ಯಾಜಿಸ್ಟ್ರೇಟ್ ಹತ್ತಿರ ಜಾಮೀನು ಪಡೆದವನು ಕೇಸು ಕಮಿಟ್ ಆದ ತಕ್ಷಣ ಸೆಷನ್ಸಿನಲ್ಲಿ ಮತ್ತೆ ಜಾಮೀನಿಗೆ ಅಲೆಯಬೇಕು ಅನ್ನುವುದು ಬಡವರಿಗೆ ಸುಮ್ನೆ ತೊಂದರೆ, ಮೊದಲನೇ ಬಾಂಡನ್ನೇ ಎರಡೂ ಕೋರ್ಟಿಗೆ ಆಗುವ ಹಾಗೆ ಬರೆಸಿಕೊಳ್ಳಬಹುದು ಅನ್ನುವುದು ಅದರ ತಿರುಳು. ನನಗೆ ಮೀಸೆ ಚಿಗುರುವ ಮೊದಲೇ ಬಂದ ತೀರ್ಪು ಅದು. ನನ್ನ ತಮ್ಮ ಆಗಿನ್ನೂ ಹುಟ್ಟಿರಲಿಲ್ಲ.

ನಿರೀಕ್ಷಣಾ ಜಾಮೀನಿನದ್ದೂ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿನದ್ದೂ, ಇದೇ ಗೋಳಾಗಿತ್ತಂತೆ. ಚಾರ್ಜ್‌ಶೀಟ್ ಬಂದರೆ, ಕೋರ್ಟಿನ ಸಮನ್ಸ್ ಬಂದರೆ ಅದು ತಾನಾಗೇ ಮುಗಿಯುತ್ತದೆ ಅಂತ ಕೆಲವು ಕಡೆ ನಂಬಿದ್ದರು. 2020ರ ಜನವರಿಯಲ್ಲಿ ಸುಶೀಲಾ ಅಗರ್‌ವಾಲ್ ಕೇಸಿನಲ್ಲಿ ಐವರು ನ್ಯಾಯಮೂರ್ತಿಗಳು ಕೂತು, ಹಾಗೇನಿಲ್ಲ, ವಿಚಾರಣೆ ಮುಗಿಯುವ ತನಕವೂ ಇರಬಹುದು, ವಿಶೇಷ ಕಾರಣವಿದ್ದರೆ ಮಾತ್ರ ಅವಧಿ ಕಮ್ಮಿ ಮಾಡಿ ಅಂದರು. ಸಮಯಕ್ಕೆ ಸರಿಯಾಗಿ ಚಾರ್ಜ್‌ಶೀಟ್ ಹಾಕದೆ ಸಿಕ್ಕ ಜಾಮೀನೂ ಅಷ್ಟೇ, ಆಮೇಲೆ ಚಾರ್ಜ್‌ಶೀಟ್ ಬಂತು ಅನ್ನುವ ಒಂದೇ ಕಾರಣಕ್ಕೆ ಹೋಗುವುದಿಲ್ಲ ಅಂತ 1986ರಲ್ಲೇ ಆಗಿದೆ. ಮೇಲೆ ಇಷ್ಟೆಲ್ಲ ತೀರ್ಮಾನ ಆಗಿದೆ. ನಮ್ಮ ತಾಲೂಕಿನ ಬೆಂಚ್ ಕ್ಲರ್ಕ್ ಟೇಬಲ್ಲಿನ ಹತ್ತಿರ ಬರುವಷ್ಟರಲ್ಲಿ "ಅದು ಕೆಳಗಿನ ಕೋರ್ಟಿಂದು" ಅಂತ ಆಗಿಬಿಡುತ್ತದೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲ ಸಂದರ್ಭದಲ್ಲೂ ಹಳೇ ಜಾಮೀನು ಉಳಿಯಲೇಬೇಕು ಅಂತ ನಾನು ವಾದ ಮಾಡುವುದಿಲ್ಲ. ಸಣ್ಣ ಸೆಕ್ಷನ್ನಿಗೆ ಜಾಮೀನು ತೆಗೆದುಕೊಂಡು, ಆಮೇಲೆ ಗಾಯಾಳು ತೀರಿಕೊಂಡು 302, ಅಂದರೆ ಐಪಿಸಿಯ ಕೊಲೆಯ ಸೆಕ್ಷನ್, ಸೇರಿದರೆ ಅದು ಬೇರೆ ಲೆಕ್ಕ. ಅಂಥ ಕಡೆ ಹೊಸ ಸೆಕ್ಷನ್ನಿಗೆ ಆರೋಪಿ ಮತ್ತೆ ಜಾಮೀನು ಕೇಳಬೇಕಾಗುತ್ತದೆ. ಆದರೆ ಅಲ್ಲೂ ಪೊಲೀಸರು ತಾವಾಗಿ ಎತ್ತಿಕೊಂಡು ಹೋಗುವಂತಿಲ್ಲ, ಜಾಮೀನು ಕೊಟ್ಟ ಕೋರ್ಟಿನ ಆದೇಶ ಪಡೆಯಬೇಕು ಅಂತ 2019ರ ಪ್ರದೀಪ್ ರಾಮ್ ತೀರ್ಪಿನಲ್ಲಿದೆ. ನಮ್ಮದರಲ್ಲಿ ಸೆಕ್ಷನ್ನೂ ಬದಲಾಗಿರಲಿಲ್ಲ.

ನಕಲಿ ಜಾಮೀನುದಾರರ ಕಾಟ ಇದೆ, ಅದಕ್ಕೆ ಕೋರ್ಟಿನವರು ಹುಷಾರಾಗಿರುತ್ತಾರೆ ಅನ್ನುವುದೂ ಗೊತ್ತು. ಸುಳ್ಳು ಪಹಣಿ, ಸುಳ್ಳು ಆಧಾರ್ ತಂದು ದುಡ್ಡಿಗೆ ಜಾಮೀನು ನಿಲ್ಲುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವರನ್ನು ಹಿಡಿಯಿರಿ, ನಮ್ಮದೇನು ಅಡ್ಡಿ? ಆದರೆ ಯೋಚನೆ ಮಾಡಿ ನೋಡಿ. ಒಂದೇ ಕೇಸಿಗೆ ಎರಡು ಮೂರು ಸಲ ಶ್ಯೂರಿಟಿ ಕೇಳಿದರೆ ದುಡ್ಡಿನ ಶ್ಯೂರಿಟಿಯವನಿಗೇ ವ್ಯಾಪಾರ ಜಾಸ್ತಿ. ಜೈಲಿನಲ್ಲಿ ತಮ್ಮ ಇದ್ದ ಆ ಮೂರು ದಿನದಲ್ಲಿ ಒಬ್ಬ ನನ್ನ ಹತ್ತಿರವೂ ಬಂದಿದ್ದ, "ಐದು ಸಾವಿರ ಕೊಡಿ, ಮಧ್ಯಾಹ್ನಕ್ಕೆ ಬಿಡಿಸ್ತೀನಿ" ಅಂತ. ತಾಯಿ ಮನೆಯಲ್ಲಿ ಊಟ ಬಿಟ್ಟು ಕೂತಿದ್ದಳು. ನಾನು ಹೂಂ ಅನ್ನಲಿಲ್ಲ, ಆದರೆ ಹೂಂ ಅನ್ನುವವನ ಮೇಲೆ ನನಗೆ ಸಿಟ್ಟಿಲ್ಲ.

ಶ್ಯೂರಿಟಿ ವಿಷಯದಲ್ಲಿ ಮೋತಿರಾಮ್ ಅನ್ನುವ ಒಬ್ಬ ಗಾರೆ ಕೆಲಸದವನ ಕೇಸಿದೆ, 1978ರದ್ದು. ಮಧ್ಯಪ್ರದೇಶದವನು. ಅವನಿಗೆ ಜಾಮೀನು ಕೊಡಿ ಅಂದದ್ದು ಸಾಕ್ಷಾತ್ ಸುಪ್ರೀಂ ಕೋರ್ಟು. ಕೆಳಗಿನ ಮ್ಯಾಜಿಸ್ಟ್ರೇಟು 10,000 ರೂಪಾಯಿ ಶ್ಯೂರಿಟಿ ಕೇಳಿದರು, ಅವನ ಸಹೋದರ ನಿಲ್ಲುತ್ತೇನೆ ಅಂದರೆ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಬೇಡ ಅಂದರು. ಮೇಲಿನವರು ಕೊಟ್ಟದ್ದು ಕೆಳಗೆ ಇಳಿಯುವಾಗ ಹೀಗೆ ಸೋರಿತು. ಆಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕೇಳಿದ ಪ್ರಶ್ನೆಯಲ್ಲಿ ನಮ್ಮ ಹೆಸರೂ ಇದೆ. ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ, ಒಬ್ಬ ತಮಿಳ, ಒಬ್ಬ ತೆಲುಗಿನವ ದೂರದ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ, ಅಲ್ಲಿ ಆಸ್ತಿ ಇರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಅಂತ ಕೇಳಿದ್ದರು. ಕೊನೆಗೆ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಅಂದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಹೇಳಿತು, ಸ್ಥಳೀಯ ಶ್ಯೂರಿಟಿಯೇ ಬೇಕು ಅನ್ನುವ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಷರತ್ತು ಹಾಕಬೇಡಿ ಅಂತ. ಜಾಮೀನು ಸಿಕ್ಕಿ ತಿಂಗಳಾದರೂ ಬಾಂಡು ಕೊಡಲಾಗದವರ ಷರತ್ತನ್ನು ಕೋರ್ಟು ತಾನಾಗೇ ಸಡಿಲಿಸಬಹುದು ಅಂತಲೂ ಇದೆ. ನಲವತ್ತೈದು ವರ್ಷ ಆದ ಮೇಲೂ ಅದೇ ಮಾತು ಮತ್ತೆ ಹೇಳಬೇಕಾಗಿ ಬಂತು ಅಲ್ವಾ.

ವಾರಂಟಿನ ವಿಷಯ. ಮೊದಲು ಸಮನ್ಸ್, ಬರದಿದ್ದರೆ ಜಾಮೀನು ಸಿಗುವ ವಾರಂಟ್, ಅದಕ್ಕೂ ಬರದಿದ್ದರೆ ಜಾಮೀನುರಹಿತ ಅಂತ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಕೇಸಿನಲ್ಲಿ ಹೇಳಿದ್ದಾರೆ. ನಮಗೆ ಸಮನ್ಸ್ ಬರಲೇ ಇಲ್ಲ. ಬಂದಿದ್ದರೆ ಹೋಗುತ್ತಿದ್ದೆವು. ತಪ್ಪಿಸಿಕೊಳ್ಳುವವನು ಮನೆ ಜಗಲಿ ಮೇಲೆ ಕೊಬ್ಬರಿ ಸುಲಿಯುತ್ತಾ ಸಿಗುತ್ತಾನಾ?

ಮುಂದೆ ಕೊರೊನಾ ಬಂತು. ಎರಡು ವರ್ಷ ಕೇಸು ಅಲ್ಲಾಡಲಿಲ್ಲ. ಆಮೇಲೆ ಸಾಕ್ಷಿಗಳಾದವು. 2024ರ ಅಕ್ಟೋಬರಿನಲ್ಲಿ ತೀರ್ಪು, ಬಿಡುಗಡೆ. ಎಲ್ಲರೂ ಅತ್ತೆವು, ಪಕ್ಕದ ತೋಟದವರು ಕೂಡ ಒಂಥರಾ ಹಗುರಾದ ಹಾಗಿದ್ದರು. ಆಗ ಗುಮಾಸ್ತರು ಬಂದು, ಶ್ಯೂರಿಟಿ ಎಲ್ಲಿ ಅಂದರು.

ಯಾವ ಶ್ಯೂರಿಟಿ? ನಿರಪರಾಧಿ ಅಂತ ಈಗಷ್ಟೇ ಓದಿದಿರಲ್ಲ?

437ಎ ಅಂತೆ. ಹಳೇ ಸಿಆರ್‌ಪಿಸಿಗೆ 2009ರಲ್ಲಿ ಸೇರಿಸಿದ ಸೆಕ್ಷನ್. ಸರ್ಕಾರ ಮೇಲ್ಮನವಿ ಹಾಕಿದರೆ ಮೇಲಿನ ಕೋರ್ಟಿಗೆ ಹಾಜರಾಗುತ್ತೇನೆ ಅಂತ ಆರು ತಿಂಗಳ ಮಟ್ಟಿಗೆ ಬಾಂಡು, ಅದಕ್ಕೂ ಶ್ಯೂರಿಟಿ. ಉದ್ದೇಶ ಅರ್ಥವಾಗುತ್ತದೆ. ಬಿಡುಗಡೆಯಾದವನು ಮಾಯವಾದರೆ ಅಪೀಲು ನಡೆಸುವುದು ಹೇಗೆ? ಆದರೆ ಗೆದ್ದ ದಿನವೂ ಮನೆಗೆ ಹೋಗಲು ಮೂರನೇ ಸಲ ಪಹಣಿ ಹುಡುಕಬೇಕು ಅನ್ನುವುದನ್ನು ನಮ್ಮ ತಾಯಿಗೆ ಹೇಗೆ ಹೇಳಲಿ? ಹೊಸ ಕಾಯ್ದೆಯ 481ನೇ ಸೆಕ್ಷನ್ ಸ್ವಲ್ಪ ಮೆತ್ತಗಿದೆ. ಅಲ್ಲಿ ಬಾಂಡ್ ಅಥವಾ ಬೇಲ್ ಬಾಂಡ್ ಅಂತ ಇದೆ. ಶ್ಯೂರಿಟಿ ಇಲ್ಲದ್ದು ಬಾಂಡು, ಶ್ಯೂರಿಟಿ ಇರುವುದು ಬೇಲ್ ಬಾಂಡು ಅಂತ ಅದೇ ಕಾಯ್ದೆ ಬಿಡಿಸಿ ಹೇಳಿದೆ. ಅಂದರೆ ಬಿಡುಗಡೆಯಾದವನ ಸ್ವಂತ ಸಹಿಯೇ ಸಾಕು ಅನ್ನಲು ದಾರಿ ಇದೆ. ನಮ್ಮದು ಹಳೇ ಕೇಸು, ಹಳೇ ಕಾಯ್ದೆ, ಆ ಭಾಗ್ಯ ಇರಲಿಲ್ಲ. ಇನ್ನು ಮುಂದಿನವರಿಗಾದರೂ "ಅಥವಾ" ಅನ್ನುವ ಆ ಒಂದು ಪದ ಕೋರ್ಟುಗಳ ಕಣ್ಣಿಗೆ ಬೀಳಲಿ.

ಶಿಕ್ಷೆಯಾದವರದ್ದು ಬೇರೆ ದಾರಿ, ಅದನ್ನೂ ಚುಟುಕಾಗಿ ಬರೆಯುತ್ತೇನೆ, ಯಾಕೆಂದರೆ ಈ ಪತ್ರ ನನ್ನಂಥವರೂ ಓದಬಹುದು. ಶಿಕ್ಷೆ ಆದ ಕ್ಷಣಕ್ಕೆ ವಿಚಾರಣೆಯ ಜಾಮೀನು ನಿಜವಾಗಿಯೂ ಮುಗಿಯುತ್ತದೆ. ಅಪೀಲು ಹಾಕಿದ್ದೇವೆ, ಆದ್ದರಿಂದ ಹಳೇ ಜಾಮೀನು ನಡೆಯುತ್ತಿದೆ ಅಂತ ತಿಳಿದು ಮನೆಯಲ್ಲಿ ಕೂತವರನ್ನು ನೋಡಿದ್ದೇನೆ. ಅಪೀಲು ಹಾಕಿದ ಮಾತ್ರಕ್ಕೆ ಏನೂ ಸಿಗುವುದಿಲ್ಲ. ಶಿಕ್ಷೆ ಮೂರು ವರ್ಷದೊಳಗಿದ್ದು, ಅದುವರೆಗೆ ಜಾಮೀನಿನ ಮೇಲಿದ್ದರೆ, ಶಿಕ್ಷೆ ಕೊಟ್ಟ ಕೋರ್ಟೇ ಅಪೀಲು ಹಾಕಲು ಬೇಕಾದಷ್ಟು ಸಮಯಕ್ಕೆ ಬಿಡಬಹುದು. ಅದನ್ನು ಅಲ್ಲೇ, ಅವತ್ತೇ ಕೇಳಬೇಕು. ಸೆಷನ್ಸಿಗಾದರೆ ಅಪೀಲಿಗೆ 30 ದಿನ, ಹೈಕೋರ್ಟಿಗಾದರೆ 60 ದಿನ. ಶಿಕ್ಷೆ ಜಾಸ್ತಿ ಇದ್ದರೆ ಜೈಲಿನಿಂದಲೇ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಅಪೀಲು ಹೋಗಿ, ಶಿಕ್ಷೆ ತಡೆಹಿಡಿಯಿರಿ ಅಂತ ಬೇರೆ ಅರ್ಜಿ ಹಾಕಿ, ಅದು ಮಂಜೂರಾದರೆ ಬಿಡುಗಡೆ. ಅಪೀಲು ವಜಾ ಆದರೆ ಅದೂ ಮುಗಿಯಿತು. ಇಲ್ಲಿ ಪ್ರತಿ ಮೆಟ್ಟಿಲಿಗೂ ಹೊಸದಾಗಿ ಕೇಳಬೇಕು, ಅದು ನ್ಯಾಯವೇ. ಶಿಕ್ಷೆ ಆದವನಿಗೂ ಆಗದವನಿಗೂ ವ್ಯತ್ಯಾಸ ಬೇಡವೇ? ನನ್ನ ತಕರಾರು, ಆಗದವನನ್ನೂ ಶಿಕ್ಷೆ ಆದವನ ಹಾಗೆಯೇ ಪ್ರತಿ ಬಾಗಿಲಲ್ಲಿ ನಿಲ್ಲಿಸುತ್ತಾರಲ್ಲ ಅದರದ್ದು.

ಮಾನ್ಯರೇ, ಕಾನೂನು ತಿದ್ದಿ ಅಂತ ನಾನು ಕೇಳುತ್ತಿಲ್ಲ. ಅದು ತಮ್ಮ ಕೆಲಸವೂ ಅಲ್ಲ. ಸಂವಿಧಾನದ 227ನೇ ವಿಧಿಯಲ್ಲಿ ಕೆಳಗಿನ ಕೋರ್ಟುಗಳ ಮೇಲ್ವಿಚಾರಣೆ, ಅಲ್ಲಿ ಬಳಸುವ ನಮೂನೆಗಳು ತಮ್ಮ ಕೈಯಲ್ಲಿವೆ. 1968ರ ಕರ್ನಾಟಕ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಅಂತ ಒಂದು ಪುಸ್ತಕವೇ ಇದೆಯಂತೆ. ಸೆಷನ್ಸಿಗೆ ಹೋಗಲೇಬೇಕಾದ ಕೇಸುಗಳಲ್ಲಿ ಮೊದಲ ದಿನದ ಬಾಂಡಿನಲ್ಲೇ ಆ ಒಂದು ಸಾಲು ಅಚ್ಚಾಗಿರಲಿ, ಕನ್ನಡದಲ್ಲಿ, ಓದಿ ಹೇಳಿದ ಮೇಲೆ ಸಹಿ ಆಗಲಿ. ಕಮಿಟ್ ಮಾಡಿದ ದಿನ ಆರೋಪಿಯ ಕೈಗೆ ಒಂದು ಚೀಟಿ ಕೊಡಲಿ, ಯಾವ ಊರು, ಯಾವ ಕೋರ್ಟು, ಯಾವ ತಾರೀಖು, ನಿನ್ನ ಜಾಮೀನು ಹಾಗೇ ಇದೆ ಅಂತ. ನಮ್ಮೂರ ಡೈರಿಯಲ್ಲಿ ಹಾಲು ಹಾಕಿದವನಿಗೆ ದಿನಾ ಎರಡು ಸಲ ಚೀಟಿ ಕೊಡುತ್ತಾರೆ, ಎಷ್ಟು ಲೀಟರು, ಎಷ್ಟು ಫ್ಯಾಟು ಅಂತ. ಕೋರ್ಟಿನಲ್ಲಿ ಒಂದು ಚೀಟಿ ಕಷ್ಟವಲ್ಲ. ಹಳೇ ಶ್ಯೂರಿಟಿಯ ಕಾಗದವೂ ಕೇಸಿನ ಕಡತದ ಜೊತೆಗೆ ಮೇಲಕ್ಕೆ ಹೋಗಲಿ, ಅನುಮಾನವಿದ್ದರೆ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು ನೋಡಲಿ. ಹೊಸ ಕಾಯ್ದೆ ಕಮಿಟ್ ಮಾಡಲು 90 ದಿನದ ಗಡುವು ಹಾಕಿದೆ, ಕಾರಣ ಬರೆದರೆ 180 ದಿನ. ಅಂದರೆ ಇನ್ನು ಮೇಲೆ ಕೇಸುಗಳು ಬೇಗ ಬೇಗ ಮೇಲಕ್ಕೆ ಹೋಗುತ್ತವೆ. ಮನುಷ್ಯನಿಗೆ ಗೊತ್ತಾಗುವ ಮೊದಲೇ ಕಡತ ಹೋಗಿರುತ್ತದೆ.

ಕೇಸು ಮುಗಿದಾಗ, ಅಥವಾ ಹೊಸ ಶ್ಯೂರಿಟಿ ಪಡೆದಾಗ, ಹಳೇ ಜಾಮೀನುದಾರನನ್ನು ಬಿಟ್ಟಿದ್ದೇವೆ ಅಂತ ತಹಸೀಲ್ದಾರರಿಗೆ ಕೋರ್ಟೇ ಒಂದು ಪತ್ರ ಬರೆದರೆ ದೊಡ್ಡ ಉಪಕಾರ. ಇದನ್ನು ಯಾಕೆ ಬರೆದೆ ಅಂತ ಕೆಳಗೆ ಹೇಳುತ್ತೇನೆ.

ತಪ್ಪಿದ್ದರೆ ಕ್ಷಮೆ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಜಾಮೀನುದಾರ

ವಿ.ಸೂ.: ಹೋದ ವಾರ ಬೆಳೆ ಸಾಲಕ್ಕೆ ಸೊಸೈಟಿಗೆ ಹೋಗಿದ್ದೆ. ಕಾರ್ಯದರ್ಶಿ ಪಹಣಿ ನೋಡಿ, "11ನೇ ಕಾಲಂನಲ್ಲಿ ಕೋರ್ಟಿನ ಜಾಮೀನು ಇನ್ನೂ ಇದೆಯಲ್ಲಣ್ಣ, ಕೋರ್ಟಿಂದ ಒಂದು ಲೆಟರ್ ತಂದುಬಿಡು" ಅಂದರು. ತಾಲೂಕು ಕೋರ್ಟಿನಲ್ಲಿ ಕೇಳಿದೆ. ಕಡತ ಸೆಷನ್ಸಿಗೆ ಹೋಗಿದೆ, ಅಲ್ಲಿ ಕೇಳಿ ಅಂದರು. ಸೆಷನ್ಸಿನಲ್ಲಿ ಕೇಳಿದೆ. ಆ ಬಾಂಡು ನಮ್ಮದಲ್ಲ, ಕೆಳಗಿನ ಕೋರ್ಟಿಂದು ಅಂದರು.